ಕಿರುಹಳಿಯ ಎಂಜಿನುಗಳು: ಸಂಗ್ರಹ ಮತ್ತು ಸಾರ್ಥಕತೆ

ವಸ್ತುಗಳನ್ನು ಕೂಡಿಡುವ ಪ್ರವೃತ್ತಿ ಮಾನವನಿಗೆ ಸಹಜವಾದುದು. ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ಹಳೆಯ ಪುಸ್ತಕ ಹೀಗೆ ಒಬ್ಬೊಬ್ಬರ ಒಲವು ಒಂದೊಂದರ ಕಡೆಗೆ ಹರಿಯುತ್ತದೆ. ಇಂತಹ ಹವ್ಯಾಸಗಳ ನಡುವೆ ಮಾದರಿ ರೈಲಿನ ಹವ್ಯಾಸಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ಅಂಚೆಚೀಟಿಯು ಪುಸ್ತಕದ ಹಾಳೆಗೆ ಅಂಟಿಕೊಂಡು ಎಷ್ಟು ಕಾಲ ಕುಳಿತರೂ ಅದರ ಬೆಲೆಗೆ ಕುಂದಿಲ್ಲ. ರೈಲಿನ ಎಂಜಿನಾದರೋ, ಅಂಗೈಯಗಲದ್ದೇ ಆಗಿರಲಿ, ಓಡುವುದಕ್ಕಾಗಿಯೇ ಹುಟ್ಟಿದ ವಸ್ತು. ಇಂಗ್ಲೆಂಡ್, ಜರ್ಮನಿ, ಅಮೆರಿಕ ಮೊದಲಾದ ದೇಶಗಳಲ್ಲಿ ಒಂದೇ ಒಂದು ಪುಟ್ಟ ಎಂಜಿನಿನಿಂದ ಈ ಹವ್ಯಾಸವನ್ನು ಆರಂಭಿಸಿದವರ ಮನೆಯಲ್ಲಿ ಕೆಲವು ವರ್ಷಗಳೊಳಗೆ ಹತ್ತು, ಐವತ್ತು, ನೂರು ಎಂಜಿನುಗಳು ಸೇರಿಬಿಡುವುದು ಸಾಮಾನ್ಯ ಸಂಗತಿ. ಅವುಗಳಲ್ಲಿ ಹಲವು ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ. ಈ ಸಂಗ್ರಹ ಏತಕ್ಕಾಗಿ ಬೆಳೆಯುತ್ತದೆ, ಯಾವಾಗ ಅದು ವಿದ್ಯೆಯಾಗುತ್ತದೆ, ಯಾವಾಗ ಹೊರೆಯಾಗುತ್ತದೆ ಎಂಬ ಪ್ರಶ್ನೆಗಳು ರೈಲಿನ ಹವ್ಯಾಸಿಗೆ ಮಾತ್ರವಲ್ಲದೆ ಕೂಡಿಡುವ ಪ್ರತಿಯೊಬ್ಬನಿಗೂ ಸಂಬಂಧಿಸಿದವು.

ಬೆಳವಣಿಗೆಯ ಬೀಜ

ಜರ್ಮನಿಯ ಗ್ಯೋಪಿಂಗೆನ್ ಪಟ್ಟಣದಲ್ಲಿ ಮೆರ್ಕ್ಲಿನ್ ಎಂಬ ಮನೆತನದವರು 1859ರಲ್ಲಿ ಆಟದ ಸಾಮಾನಿನ ಉದ್ಯಮವನ್ನು ಸ್ಥಾಪಿಸಿದರು. ಗೊಂಬೆಯಾಟದ ಅಡಿಗೆಮನೆಗೆ ಬೇಕಾದ ತಗಡಿನ ಪಾತ್ರೆ ಪಡಗಗಳು ಅವರ ಮೊದಲ ತಯಾರಿಕೆ. ಈ ಸಾಮಾನಿನ ಗುಣವೇನೆಂದರೆ, ಒಮ್ಮೆ ಒಂದು ಪುಟ್ಟ ಅಡಿಗೆಮನೆ ಕೊಂಡ ಮಗುವಿಗೆ ಮರುವರ್ಷ ಒಂದು ತಪ್ಪಲೆ, ಅದರ ಮರುವರ್ಷ ಒಂದು ಒಲೆ ಎಂದು ಸೇರಿಸುತ್ತ ಹೋಗಬಹುದು. 1891ರಲ್ಲಿ ಲೈಪ್‌ಜಿಗ್ ನಗರದ ಜಾತ್ರೆಯಲ್ಲಿ ಇದೇ ಮನೆತನದ ಸಂಸ್ಥೆಯು ತನ್ನ ಆಟದ ರೈಲನ್ನು ಪ್ರದರ್ಶಿಸಿತು. ಗಡಿಯಾರದಂತೆ ಕೀಲಿ ಕೊಟ್ಟರೆ ಓಡುವ ಎಂಜಿನುಗಳು ಅದಕ್ಕೆ ಮೊದಲೂ ಇದ್ದವು. ಲೈಪ್‌ಜಿಗ್‌ನಲ್ಲಿ ಹೊಸದಾಗಿ ಕಂಡದ್ದು, ಒಂದಕ್ಕೊಂದು ಜೋಡಿಸಿ ವಿಸ್ತರಿಸಬಹುದಾದ ಹಳಿಯ ತುಂಡುಗಳು ಮತ್ತು ಹಳಿಯ ಅಗಲಕ್ಕೆ ಗೊತ್ತುಪಡಿಸಿದ ಅಳತೆಗಳ ಸಾಲು. ಇಂದು ಕೊಂಡ ಎಂಜಿನು ಮುಂದಿನ ವರ್ಷದ ಹಳಿಯ ಮೇಲೂ ಓಡಬೇಕು, ಮುಂದಿನ ವರ್ಷದ ಗಾಡಿ ಇಂದಿನ ಎಂಜಿನಿಗೆ ಕೊಂಡಿ ಹಾಕಿಕೊಳ್ಳಬೇಕು ಎಂಬ ಏರ್ಪಾಡು ಅದರಲ್ಲಿ ಅಡಗಿತ್ತು. ಅಲ್ಲಿಯವರೆಗೆ ಆಟದ ರೈಲು ತನ್ನಲ್ಲಿ ತಾನೇ ಪೂರ್ಣವಾದ ವಸ್ತುವಾಗಿತ್ತು. ಅಲ್ಲಿಂದ ಮುಂದೆ ಅದು ಎಂದಿಗೂ ಪೂರ್ಣವಾಗದ ವಸ್ತುವಾಯಿತು. ಹವ್ಯಾಸಿಯ ಸಂಗ್ರಹ ಬೆಳೆಯುವುದಕ್ಕೆ ಅವನ ಆಸೆಯೊಂದೇ ಕಾರಣವೆಂದು ದೂರುವವರು ಈ ಮಾತನ್ನು ಮರೆಯಬಾರದು.

ಸಮುದ್ರದ ಆಚೆ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜೋಶುವಾ ಲಯೊನೆಲ್ ಕೋವನ್ ಎಂಬವರು 1900ರಲ್ಲಿ ತಮ್ಮ ಸಂಸ್ಥೆಯನ್ನು ಆರಂಭಿಸಿದರು. ಅಂಗಡಿಯ ಕಿಟಕಿಯಲ್ಲಿ ಸರಕನ್ನು ಹೊತ್ತು ಸುತ್ತುತ್ತ ದಾರಿಹೋಕರ ಕಣ್ಸೆಳೆಯಲೆಂದು ಅವರು ವಿದ್ಯುತ್ತಿನಿಂದ ಓಡುವ ಒಂದು ಪುಟ್ಟ ಬಂಡಿಯನ್ನು ರಚಿಸಿದ್ದರು. ಗಿರಾಕಿಗಳು ಸರಕನ್ನು ಬಿಟ್ಟು ಬಂಡಿಯನ್ನೇ ಕೇಳತೊಡಗಿದರು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ತೂತುಗಳಿರುವ ಲೋಹದ ಪಟ್ಟಿಗಳ ಜೋಡಣೆಯ ಆಟಕ್ಕೆ ಹಕ್ಕುಪತ್ರ ಪಡೆದರು. ಮೆಕ್ಯಾನೋ ಎಂದು ಹೆಸರಾದ ಆ ಆಟದ ಸಂಸ್ಥೆಯಿಂದಲೇ 1920ರಲ್ಲಿ ಹಾರ್ನ್‌ಬಿ ರೈಲುಗಳೂ 1938ರಲ್ಲಿ ಇನ್ನೂ ಸಣ್ಣ ಅಳತೆಯ ಹಾರ್ನ್‌ಬಿ ಡಬ್ಲೋ ರೈಲುಗಳೂ ಹೊರಬಂದವು. ಹೀಗೆ ಜರ್ಮನಿ, ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಈ ಹವ್ಯಾಸದ ತಳಹದಿ ಭದ್ರವಾಯಿತು.

ಪ್ರಮಾಣದ ಪಾಠ

ಮಾದರಿ ರೈಲಿನ ಮೊದಲ ಪಾಠ ಅಂಕಗಣಿತದ್ದು. ಇಂದು ಪ್ರಪಂಚದಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಎಚ್‌ಓ ಎಂಬ ಪ್ರಮಾಣ. ಹಿಂದಿನ ಓ ಪ್ರಮಾಣದ ಅರ್ಧ ಎಂಬುದು ಆ ಹೆಸರಿನ ಅರ್ಥ. ಇದರಲ್ಲಿ ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 3.5 ಮಿಲಿಮೀಟರ್, ಅಂದರೆ ಪ್ರತಿಯೊಂದು ಅಳತೆಯೂ ಮೂಲದ 87ರಲ್ಲಿ ಒಂದು ಭಾಗ. 20 ಮೀಟರ್ ಉದ್ದದ ಎಂಜಿನು 23 ಸೆಂಟಿಮೀಟರಿಗೆ ಇಳಿಯುತ್ತದೆ. ಯುರೋಪಿನ ಬಹುಭಾಗದಲ್ಲಿ ಮತ್ತು ಅಮೆರಿಕದಲ್ಲಿ ಹಳಿಗಳ ನಡುವಣ ಅಂತರ 1435 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 16.5 ಬರುತ್ತದೆ. ಮಾದರಿಯ ಹಳಿಯ ಅಂತರವೂ ಅಷ್ಟೇ.

ಇಂಗ್ಲೆಂಡಿನಲ್ಲಿ ಮಾತ್ರ ಒಂದು ಸ್ವಾರಸ್ಯವಾದ ತೊಡಕುಂಟಾಯಿತು. ಅಲ್ಲಿನ ನಿಜವಾದ ಎಂಜಿನುಗಳು ಯುರೋಪಿನವಕ್ಕಿಂತ ಗಾತ್ರದಲ್ಲಿ ಕಿರಿದು. ಎಚ್‌ಓ ಪ್ರಮಾಣಕ್ಕೆ ಇಳಿಸಿದರೆ ಅಂದಿನ ಮೋಟಾರು ಅವುಗಳ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ಆದುದರಿಂದ ಒಡಲನ್ನು ಅಡಿಗೆ 4 ಮಿಲಿಮೀಟರಿನಂತೆ, ಎಂದರೆ 76.2ರಲ್ಲಿ ಒಂದು ಭಾಗಕ್ಕೆ ಹಿಗ್ಗಿಸಿ, ಹಳಿಯನ್ನು ಮಾತ್ರ 16.5 ಮಿಲಿಮೀಟರಿಗೇ ಉಳಿಸಿಕೊಂಡರು. ಲೆಕ್ಕ ಹಾಕಿದರೆ ಅದು 18.83 ಮಿಲಿಮೀಟರ್ ಇರಬೇಕಾಗಿತ್ತು. ಓಓ ಎನಿಸಿಕೊಂಡ ಈ ರಾಜಿಯು ಇಂದಿಗೂ ಅಲ್ಲಿ ನಡೆದು ಬಂದಿದೆ. ಅದನ್ನು ಸಹಿಸಲಾರದ ಕೆಲವರು ಚಕ್ರಗಳನ್ನೂ ಹಳಿಗಳನ್ನೂ ತಾವೇ ತಿದ್ದಿ ಸರಿಯಾದ ಅಂತರಕ್ಕೆ ತರುವುದುಂಟು. ಸ್ಥಳಾಭಾವವುಳ್ಳವರಿಗೆ ಇನ್ನೂ ಕಿರಿದಾದ ಪ್ರಮಾಣಗಳಿವೆ. 9 ಮಿಲಿಮೀಟರ್ ಹಳಿಯ ಎನ್ ಪ್ರಮಾಣ ಒಂದು. 1972ರಲ್ಲಿ ಮೆರ್ಕ್ಲಿನ್ ಸಂಸ್ಥೆ ಹೊರತಂದ 6.5 ಮಿಲಿಮೀಟರ್ ಹಳಿಯ ಜೆಡ್ ಪ್ರಮಾಣ ಮತ್ತೊಂದು. ಜೆಡ್ ರೈಲು ಮೂಲದ 220ರಲ್ಲಿ ಒಂದು ಭಾಗ.

ಉದ್ದ 87ನೆಯ ಒಂದು ಭಾಗಕ್ಕೆ ಇಳಿದರೆ ತೂಕ ಎಷ್ಟಕ್ಕೆ ಇಳಿಯಬೇಕು? ಉದ್ದ, ಅಗಲ, ಎತ್ತರ ಮೂರೂ ಇಳಿಯುವುದರಿಂದ 87ನ್ನು ಮೂರು ಬಾರಿ ಗುಣಿಸಬೇಕು. ಬರುವ ಸಂಖ್ಯೆ 6,58,503. ಈ ಲೆಕ್ಕದಂತೆ 100 ಟನ್ ತೂಗುವ ಎಂಜಿನಿನ ಮಾದರಿ ಸುಮಾರು 152 ಗ್ರಾಂ ಮಾತ್ರ ತೂಗಬೇಕು. ಅಷ್ಟು ಹಗುರವಾದರೆ ಚಕ್ರಗಳು ಹಳಿಯನ್ನು ಕಚ್ಚಿ ಹಿಡಿಯದೆ ನಿಂತಲ್ಲೇ ತಿರುಗುತ್ತವೆ. ಆದಕಾರಣ ತಯಾರಕರು ಎಂಜಿನಿನ ಒಳಗೆ ಲೋಹದ ಗಟ್ಟಿಯನ್ನು ತುಂಬಿ ತೂಕವನ್ನು ಹೆಚ್ಚಿಸುತ್ತಾರೆ. ಕಣ್ಣಿಗೆ ಕಾಣುವ ರೂಪವನ್ನು ಇಳಿಸಬಹುದು, ಪ್ರಕೃತಿಯ ನಿಯಮವನ್ನು ಇಳಿಸಲಾಗದು ಎಂಬುದನ್ನು ಘನಮೂಲದ ಪಾಠ ಕಲಿಯುವ ಬಾಲಕನಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವ ಉಪಕರಣ ವಿರಳ.

ಸಂಗ್ರಹ ಏಕೆ ಬೆಳೆಯುತ್ತದೆ?

ಎಂಜಿನುಗಳ ಸಂಖ್ಯೆ ಹೆಚ್ಚುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಇತಿಹಾಸ. ಇಂಗ್ಲೆಂಡಿನ ಪ್ರಸಿದ್ಧವಾದ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಜಿನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 1923ರಲ್ಲಿ ಡಾನ್‌ಕಾಸ್ಟರ್ ಕಾರ್ಖಾನೆಯಿಂದ ಹೊರಬಂದಾಗ ಅದರ ಸಂಖ್ಯೆ 1472. ಮರುವರ್ಷ ಅದು 4472 ಆಯಿತು. 1946ರಲ್ಲಿ ಸಂಖ್ಯೆಗಳನ್ನು ಮತ್ತೆ ಹಂಚಿದಾಗ 103 ಆಯಿತು. 1948ರಲ್ಲಿ ಬ್ರಿಟನ್ನಿನ ರೈಲ್ವೆಗಳು ರಾಷ್ಟ್ರದ ಸ್ವತ್ತಾದ ಮೇಲೆ 60103 ಆಯಿತು. ಅದರ ಬಣ್ಣವೂ ಎಳೆಹಸುರಿನಿಂದ ನೀಲಿಗೆ, ನೀಲಿಯಿಂದ ಕಡುಹಸುರಿಗೆ ಬದಲಾಯಿತು. ನಿಜವಾದ ಎಂಜಿನು ಒಂದೇ. ಆದರೆ ಪ್ರತಿಯೊಂದು ಕಾಲದ ರೂಪವನ್ನೂ ಹೊಂದಬಯಸುವ ಸಂಗ್ರಾಹಕನ ಕಪಾಟಿನಲ್ಲಿ ಅದು ನಾಲ್ಕೈದು ಮಾದರಿಗಳಾಗಿ ನಿಲ್ಲುತ್ತದೆ. ನೂರಾರು ಜಾತಿಯ ಎಂಜಿನುಗಳಿಗೆ ಇದನ್ನು ವಿಸ್ತರಿಸಿದರೆ ಸಂಗ್ರಹಕ್ಕೆ ಕೊನೆಯೆಲ್ಲಿ?

ಎರಡನೆಯದು ವ್ಯಾಪಾರ. ತಯಾರಕರು ಒಂದೇ ಅಚ್ಚಿನಿಂದ ಬಣ್ಣ ಮತ್ತು ಸಂಖ್ಯೆ ಬದಲಿಸಿ ಹಲವು ಮಾದರಿಗಳನ್ನು ತೆಗೆಯಬಲ್ಲರು. ಒಂದೊಂದನ್ನೂ ಮಿತವಾದ ಸಂಖ್ಯೆಯಲ್ಲಿ ತಯಾರಿಸಿ, ಮುಂಗಡವಾಗಿಯೇ ಹೆಸರು ಬರೆಸಿಕೊಳ್ಳುವ ಪದ್ಧತಿ ಈಗ ರೂಢಿಯಲ್ಲಿದೆ. ಈಗ ಕೊಳ್ಳದಿದ್ದರೆ ಮತ್ತೆ ಸಿಗಲಾರದು ಎಂಬ ಅಳುಕು ಹವ್ಯಾಸಿಯ ವಿವೇಕವನ್ನು ಮಂಕುಗೊಳಿಸುತ್ತದೆ.

ಮೂರನೆಯದು ತಂತ್ರಜ್ಞಾನ. ಹಳೆಯ ಪದ್ಧತಿಯಲ್ಲಿ ಹಳಿಗೆ ಹರಿಸಿದ ವಿದ್ಯುತ್ತೇ ಎಂಜಿನಿನ ವೇಗವನ್ನು ನಿರ್ಧರಿಸುತ್ತಿತ್ತು. ಒಂದೇ ಹಳಿಯ ಮೇಲೆ ಎರಡು ಎಂಜಿನುಗಳಿದ್ದರೆ ಎರಡೂ ಒಟ್ಟಿಗೆ ಹೊರಡುತ್ತಿದ್ದವು. ಆದುದರಿಂದ ಹಳಿಯನ್ನು ಭಾಗ ಮಾಡಿ, ಭಾಗಕ್ಕೊಂದು ಗುಂಡಿಯನ್ನಿಟ್ಟು, ಪ್ರತಿಯೊಂದು ಎಂಜಿನಿಗೂ ಬೇರೆ ಬೇರೆ ತಾವು ಕಲ್ಪಿಸಬೇಕಾಗಿತ್ತು. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಎಂಬ ಸಂಘ 1935ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿದ್ದು ಚಕ್ರ, ಹಳಿ, ಕೊಂಡಿಗಳ ಅಳತೆಗಳಲ್ಲಿ ಏಕರೂಪತೆಯನ್ನು ತರುವುದಕ್ಕಾಗಿ. ಅದೇ ಸಂಘ 1990ರ ದಶಕದಲ್ಲಿ ಜರ್ಮನಿಯ ಲೆಂಟ್ಸ್ ಸಂಸ್ಥೆಯ ಕೆಲಸವನ್ನು ಆಧಾರವಾಗಿಟ್ಟುಕೊಂಡು ಡಿಜಿಟಲ್ ನಿಯಂತ್ರಣಕ್ಕೂ ಮಾನದಂಡವನ್ನು ಗೊತ್ತುಮಾಡಿತು. ಇದರಲ್ಲಿ ಹಳಿಯ ಮೇಲೆ ಸದಾ ವಿದ್ಯುತ್ತಿರುತ್ತದೆ. ಆಜ್ಞೆಗಳೂ ಅದರೊಡನೆಯೇ ಹರಿಯುತ್ತವೆ. ಪ್ರತಿ ಎಂಜಿನಿನೊಳಗಿನ ಡಿಕೋಡರ್ ಎಂಬ ಪುಟ್ಟ ಬಿಲ್ಲೆಯು ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಹತ್ತಾರು ಎಂಜಿನುಗಳು ಒಂದೇ ಹಳಿಯಲ್ಲಿ ನಿಂತು ತಮ್ಮ ಸರದಿಗೆ ಕಾಯುವುದು ಈಗ ಸಾಧ್ಯ. ಸೌಕರ್ಯ ಹೆಚ್ಚಿದಂತೆ ಸಂಖ್ಯೆಯೂ ಹೆಚ್ಚಿತು.

ಪೆಟ್ಟಿಗೆಯೊಳಗಿನ ಎಂಜಿನು

ಓಡದ ಎಂಜಿನು ಹೊಸದಾಗಿಯೇ ಉಳಿಯುತ್ತದೆಂಬ ಭಾವನೆ ಸರಿಯಲ್ಲ. ಗಾಲಿಯ ಅಚ್ಚುಗಳಿಗೆ ಹಾಕಿದ ಎಣ್ಣೆ ವರ್ಷಗಳು ಕಳೆದಂತೆ ಗಟ್ಟಿಯಾಗಿ ಅಂಟಾಗುತ್ತದೆ. ಬಲವಂತವಾಗಿ ಓಡಿಸಿದರೆ ಮೋಟಾರು ಕಾದು ಕೆಡಬಹುದು. ಇದಕ್ಕಿಂತ ಗಂಭೀರವಾದದ್ದು ಸತುವಿನ ಬೇನೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಅನೇಕ ಮಾದರಿಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದಿದ್ದರು. ಅದರಲ್ಲಿ ಸೀಸದಂತಹ ಕಲ್ಮಷ ಸೇರಿದ್ದರೆ, ತೇವದ ಗಾಳಿಯಲ್ಲಿ ದಶಕಗಳು ಕಳೆಯುವ ಹೊತ್ತಿಗೆ ಲೋಹ ಉಬ್ಬಿ, ಬಿರುಕುಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ಇದಕ್ಕೆ ಔಷಧಿಯಿಲ್ಲ. ಬೀಗ ಹಾಕಿದ ಕಪಾಟಿನೊಳಗೇ ಈ ನಾಶ ನಡೆಯುವುದರಿಂದ, ಆಗಾಗ ಹೊರತೆಗೆದು ನೋಡುವವನಿಗೆ ಮಾತ್ರ ಅದು ತಿಳಿಯುತ್ತದೆ.

ಆದುದರಿಂದ ಅನುಭವಿಗಳು ಎರಡು ನಿಯಮಗಳನ್ನು ಹೇಳುತ್ತಾರೆ. ಪ್ರತಿಯೊಂದು ಎಂಜಿನನ್ನೂ ವರ್ಷಕ್ಕೆ ಕೆಲವು ಸಲವಾದರೂ ಓಡಿಸುವುದು ಒಂದು. ಪ್ರತಿಯೊಂದಕ್ಕೂ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನಿಟ್ಟು ತಯಾರಕನ ಹೆಸರು, ಕೊಂಡ ವರ್ಷ, ಬೆಲೆ, ದುರಸ್ತಿಯ ವಿವರ ಇವನ್ನು ಬರೆದಿಡುವುದು ಇನ್ನೊಂದು. ಈ ಎರಡನ್ನೂ ಪಾಲಿಸಲಾಗದಷ್ಟು ಎಂಜಿನುಗಳು ಸೇರಿದ್ದರೆ, ಸಂಗ್ರಹವು ಒಡೆಯನ ಶಕ್ತಿಯನ್ನು ಮೀರಿದೆಯೆಂದು ತಿಳಿಯಬೇಕು.

ಪಾತ್ರ ಮತ್ತು ರಂಗಭೂಮಿ

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿದ್ದ ಫ್ರಾಂಕ್ ಎಲಿಸನ್ ಎಂಬ ಹವ್ಯಾಸಿ ರಂಗಭೂಮಿಯ ಹಿನ್ನೆಲೆಯುಳ್ಳವರು. ಡೆಲ್ಟಾ ಲೈನ್ಸ್ ಎಂಬ ಮಾದರಿ ರೈಲುಮಾರ್ಗವನ್ನು ರಚಿಸಿದ ಅವರು 1944ರಲ್ಲಿ ಮಾಡೆಲ್ ರೈಲ್‌ರೋಡರ್ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಲ್ಲಿ ಒಂದು ಹೊಸ ದೃಷ್ಟಿಯನ್ನು ಮಂಡಿಸಿದರು. ಅವರ ಪ್ರಕಾರ ಮಾದರಿ ಮಾರ್ಗವೊಂದು ರಂಗಸ್ಥಳ, ಊರು, ಬೆಟ್ಟ, ನಿಲ್ದಾಣಗಳು ರಂಗಸಜ್ಜಿಕೆ, ರೈಲುಗಳು ನಟರು, ವೇಳಾಪಟ್ಟಿಯೇ ನಾಟಕ. ಈ ದೃಷ್ಟಿಯಿಂದ ನೋಡಿದಾಗ ಎಂಜಿನುಗಳ ಸಂಖ್ಯೆಯ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ನಾಟಕ ಕಂಪನಿಯ ಯಜಮಾನನು ಪಾತ್ರಗಳಿಗೆ ತಕ್ಕಷ್ಟು ನಟರನ್ನು ಸೇರಿಸಿಕೊಳ್ಳುತ್ತಾನೆ. ಪಾತ್ರವಿಲ್ಲದ ನಟರಿಂದ ಬಿಡಾರ ತುಂಬಿದರೆ ನಾಟಕ ಏಳಲಾರದು. ಹಾಲಿನ ಗಾಡಿಯನ್ನು ಬೆಳಗಿನ ಜಾವ ಎಳೆಯಲು ಒಂದು, ಕಲ್ಲಿದ್ದಲ ವ್ಯಾಗನ್ನುಗಳಿಗೆ ಒಂದು, ಯಾರ್ಡಿನಲ್ಲಿ ಷಂಟಿಂಗ್ ಮಾಡಲು ಒಂದು ಎಂದು ಕೆಲಸ ಗೊತ್ತಾದ ಮೇಲೆ ಎಂಜಿನು ಕೊಂಡರೆ, ಪ್ರತಿಯೊಂದಕ್ಕೂ ಹಳಿಯ ಮೇಲೆ ಒಂದು ಹೊಣೆ ದೊರೆಯುತ್ತದೆ.

ಎಷ್ಟು ಕಡಿಮೆ ಸಾಮಗ್ರಿಯಿಂದ ಎಷ್ಟು ಹೆಚ್ಚು ಸ್ವಾರಸ್ಯ ಹುಟ್ಟಬಹುದೆಂಬುದಕ್ಕೆ ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ಇಂಗಲ್‌ನೂಕ್ ಸೈಡಿಂಗ್ಸ್ ಉತ್ತಮ ನಿದರ್ಶನ. ಇದರಲ್ಲಿ ಹಳಿಯು ಮೂರು ಕವಲಾಗುತ್ತದೆ. ಒಂದು ಕವಲಿನಲ್ಲಿ ಐದು ವ್ಯಾಗನ್ನುಗಳಿಗೆ, ಉಳಿದೆರಡರಲ್ಲಿ ಮೂರು ಮೂರಕ್ಕೆ ಸ್ಥಳ. ಕವಲುಗಳು ಕೂಡುವೆಡೆಯಿಂದ ಆಚೆಗಿನ ಹಳಿಯಲ್ಲಿ ಎಂಜಿನು ಮತ್ತು ಮೂರು ವ್ಯಾಗನ್ನುಗಳು ಮಾತ್ರ ನಿಲ್ಲಬಹುದು. ಇರುವುದು ಒಂದೇ ಎಂಜಿನು, ಎಂಟು ವ್ಯಾಗನ್ನುಗಳು. ಚೀಟಿ ಎತ್ತಿ ಐದು ವ್ಯಾಗನ್ನುಗಳನ್ನು ಆರಿಸಿ, ಚೀಟಿ ಬಂದ ಅನುಕ್ರಮದಲ್ಲಿಯೇ ಅವನ್ನು ಜೋಡಿಸಿ ರೈಲನ್ನು ಸಿದ್ಧಗೊಳಿಸಬೇಕು. ಮೊದಲ ಸ್ಥಾನಕ್ಕೆ 8, ಎರಡನೆಯದಕ್ಕೆ 7, ಅನಂತರ 6, 5, 4 ಎಂದು ಗುಣಿಸಿದರೆ 6,720 ಬಗೆಯ ರೈಲುಗಳು ಸಾಧ್ಯವೆಂದು ತಿಳಿಯುತ್ತದೆ. ದಿನಕ್ಕೊಂದರಂತೆ ಬಿಡಿಸಿದರೂ ಹದಿನೆಂಟು ವರ್ಷ ಹಿಡಿಯುತ್ತದೆ. ಒಂದು ಹಲಗೆಯ ಮೇಲೆ ಹಿಡಿಸುವ ಈ ಆಟದ ಮುಂದೆ, ಪೆಟ್ಟಿಗೆಯೊಳಗೆ ಮಲಗಿದ ನೂರು ಎಂಜಿನುಗಳ ಸಿರಿತನ ಎಷ್ಟರದೆಂಬುದನ್ನು ಓದುಗರೇ ಊಹಿಸಬಹುದು.

ಹಲವರು ಕೂಡಿದಾಗ

ಒಬ್ಬಂಟಿಗನ ಸಂಗ್ರಹಕ್ಕಿಂತ ಹಲವರು ಕೂಡಿ ನಡೆಸುವ ಮಾರ್ಗದಿಂದ ಹೆಚ್ಚಿನ ಫಲ ದೊರೆತ ನಿದರ್ಶನಗಳಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ 1946ರಲ್ಲಿ ವಿದ್ಯಾರ್ಥಿಗಳ ಒಂದು ಮಾದರಿ ರೈಲು ಸಂಘ ಹುಟ್ಟಿತು. ಅದರ ಸದಸ್ಯರಲ್ಲಿ ಕೆಲವರಿಗೆ ಎಂಜಿನು ಮತ್ತು ಬೆಟ್ಟಗುಡ್ಡಗಳ ಮೇಲೆ ಪ್ರೀತಿ. ಇನ್ನು ಕೆಲವರಿಗೆ ಹಲಗೆಯ ಅಡಿಯಲ್ಲಿದ್ದ ತಂತಿಗಳ ಮೇಲೆ. ದೂರವಾಣಿ ಸಂಸ್ಥೆಯು ಕೊಡುಗೆಯಾಗಿ ನೀಡಿದ ಹಳೆಯ ರಿಲೇಗಳನ್ನು ಬಳಸಿ ಈ ಎರಡನೆಯ ಗುಂಪಿನವರು ರೈಲುಗಳ ನಿಯಂತ್ರಣಕ್ಕೆ ಬಲು ಜಟಿಲವಾದ ವ್ಯವಸ್ಥೆಯನ್ನು ಕಟ್ಟಿದರು. ಅದೇ ತರುಣರು 1950ರ ದಶಕದ ಕೊನೆಗೆ ಸಂಸ್ಥೆಯ ಗಣಕಯಂತ್ರಗಳತ್ತ ತಿರುಗಿದರು. 1962ರಲ್ಲಿ ಸಿದ್ಧವಾದ ಸ್ಪೇಸ್‌ವಾರ್ ಎಂಬ ಗಣಕಯಂತ್ರದ ಆಟವನ್ನು ರಚಿಸಿದ ಸ್ಟೀವ್ ರಸೆಲ್ ಈ ಸಂಘದವರೇ. ಯಾರೋ ಬೇಡವೆಂದು ಬಿಟ್ಟ ಸಾಮಗ್ರಿ ವಿದ್ಯಾರ್ಥಿಗಳ ಕೈಗೆ ಬಂದುದರಿಂದ ಉಂಟಾದ ಪರಿಣಾಮ ಇದು. ದಾನವಾಗಿ ಬಂದದ್ದು ಕಪಾಟಿನಲ್ಲಿ ಕೂಡದೆ ಕೆಲಸಕ್ಕೆ ಬಿದ್ದಿತೆಂಬುದನ್ನು ವಿಶೇಷವಾಗಿ ಗಮನಿಸಬೇಕು.

ಒಡೆಯನ ಅನಂತರ

ಎಲ್ಲ ಸಂಗ್ರಹಗಳೂ ಒಂದು ದಿನ ಒಡೆಯನಿಲ್ಲದವಾಗುತ್ತವೆ. ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿದ್ದ ಜಾನ್ ಅಲೆನ್ ವೃತ್ತಿಯಿಂದ ಛಾಯಾಗ್ರಾಹಕರು. ಗೋರಿ ಅಂಡ್ ಡಿಫೀಟೆಡ್ ಎಂದು ವಿನೋದದ ಹೆಸರಿಟ್ಟು ಅವರು ದಶಕಗಳ ಕಾಲ ಕಟ್ಟಿದ ಮಾರ್ಗದಲ್ಲಿ ನೆಲದಿಂದ ಸೂರಿನವರೆಗೆ ಬೆಟ್ಟಗಳು ಏರಿದ್ದವು. ಎಂಜಿನುಗಳಿಗೆ ಮಸಿ, ತುಕ್ಕು, ಧೂಳಿನ ಬಣ್ಣ ಬಳಿದು ದುಡಿದು ದಣಿದ ಕಳೆ ತರುವ ಕಲೆಯನ್ನು ಜನಪ್ರಿಯಗೊಳಿಸಿದವರಲ್ಲಿ ಅವರು ಪ್ರಮುಖರು. 1973ರ ಜನವರಿಯಲ್ಲಿ ಅವರು ನಿಧನರಾದರು. ಸುಮಾರು ಹತ್ತು ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು ಮಾರ್ಗದ ಬಹುಭಾಗ ನಾಶವಾಯಿತು. ಉಳಿದುದೆಂದರೆ ಅವರು ಪತ್ರಿಕೆಗಳಲ್ಲಿ ಪ್ರಕಟಿಸಿದ್ದ ಛಾಯಾಚಿತ್ರಗಳು, ಲೇಖನಗಳು ಮತ್ತು ಅವುಗಳಿಂದ ಕಲಿತವರ ಕೈಚಳಕ.

ಇಂಗ್ಲೆಂಡಿನ ಜಾನ್ ಅಹರ್ನ್ ಅವರ ಮ್ಯಾಡರ್ ವ್ಯಾಲಿ ಮಾರ್ಗಕ್ಕೆ ಬೇರೆಯ ಗತಿ ಒದಗಿತು. ಎಂಜಿನುಗಳಷ್ಟೇ ಊರುಕೇರಿಗಳಿಗೂ ಪ್ರಾಶಸ್ತ್ಯ ಕೊಟ್ಟ ಮೊದಲ ಮಾರ್ಗಗಳಲ್ಲಿ ಅದೂ ಒಂದು. ಅಹರ್ನ್ ಅವರ ತರುವಾಯ ಅದು ಲಾಂಗ್ ವಿಟನ್‌ಹ್ಯಾಮ್ ಗ್ರಾಮದ ಪೆಂಡನ್ ವಸ್ತುಸಂಗ್ರಹಾಲಯದಲ್ಲಿ ಆಶ್ರಯ ಪಡೆಯಿತು. ಆ ಸಂಗ್ರಹಾಲಯವನ್ನು 1954ರಲ್ಲಿ ಆರಂಭಿಸಿದ ರಾಯ್ ಇಂಗ್ಲೆಂಡ್ ಎಂಬವರು ಆಸ್ಟ್ರೇಲಿಯದಿಂದ ಬಂದು ನೆಲೆಸಿದವರು. ಹುಲ್ಲುಮಾಡಿನ ಹಳೆಯ ಮನೆಗಳು ಕಣ್ಣೆದುರಿಗೇ ಮಾಯವಾಗುತ್ತಿರುವುದನ್ನು ಕಂಡು, ಅವುಗಳ ಅಳತೆ ತೆಗೆದು ರಟ್ಟಿನಲ್ಲಿ ಪ್ರತಿಕೃತಿ ರಚಿಸುವ ವ್ರತ ತೊಟ್ಟವರು. ಅಮೆರಿಕದಲ್ಲಿ 1954ರಲ್ಲಿಯೇ ಸ್ಥಾಪನೆಯಾದ ರೈಲು ಸಂಗ್ರಾಹಕರ ಸಂಘ ಪೆನ್ಸಿಲ್ವೇನಿಯದ ಸ್ಟ್ರಾಸ್‌ಬರ್ಗ್‌ನಲ್ಲಿ ಆಟದ ರೈಲುಗಳ ರಾಷ್ಟ್ರೀಯ ಸಂಗ್ರಹಾಲಯವನ್ನು ನಡೆಸುತ್ತಿದೆ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಬ್ರೌನ್ ಎಂಬ ಅವಳಿ ಸಹೋದರರು 2001ರಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲಾಂಡ್‌ನಲ್ಲಿ ಸಾವಿರಕ್ಕೂ ಮಿಕ್ಕಿ ರೈಲುಗಳಿವೆ. ಅಲ್ಲಿ ಆ ಸಂಖ್ಯೆ ಭಾರವೆನಿಸದು. ಅವು ಸಾರ್ವಜನಿಕರ ಮುಂದೆ ಓಡುತ್ತಿವೆ, ಅವನ್ನು ನೋಡಿಕೊಳ್ಳಲು ಕುಶಲಿಗಳ ತಂಡವಿದೆ.

ತಯಾರಕರೂ ಶಾಶ್ವತರಲ್ಲ. ಮೆಕ್ಯಾನೋ ಸಂಸ್ಥೆ 1964ರಲ್ಲಿ ಪರರ ಪಾಲಾಯಿತು. ಲಿವರ್‌ಪೂಲಿನ ಅದರ ಕಾರ್ಖಾನೆ 1979ರಲ್ಲಿ ಮುಚ್ಚಿತು. ಮೆರ್ಕ್ಲಿನ್ ಸಂಸ್ಥೆ ತನ್ನ ನೂರೈವತ್ತನೆಯ ವರ್ಷವಾದ 2009ರಲ್ಲಿಯೇ ದಿವಾಳಿಯ ಅಂಚಿಗೆ ಬಂದು, ಅನಂತರ ಚೇತರಿಸಿಕೊಂಡಿತು. ನಾಳೆ ಬೆಲೆ ಏರುವುದೆಂಬ ನಂಬಿಕೆಯಿಂದ ಕೂಡಿಡುವವರು ಇದನ್ನು ನೆನಪಿನಲ್ಲಿಡುವುದು ಲೇಸು.

ಭಾರತದಲ್ಲಿ

ಭಾರತದಲ್ಲಿ ಈ ಹವ್ಯಾಸ ವ್ಯಾಪಕವಾಗಿಲ್ಲ. ಸಾಮಗ್ರಿಯ ಬಹುಭಾಗ ವಿದೇಶದ್ದು, ದುಬಾರಿಯಾದದ್ದು. ಆದರೂ ಪುಣೆಯಲ್ಲಿ ಜೋಶಿ ಮನೆತನದವರು ತಮ್ಮ ಕಿರುರೈಲುಗಳ ಸಂಗ್ರಹವನ್ನು 1998ರಲ್ಲಿ ಸಾರ್ವಜನಿಕ ವಸ್ತುಸಂಗ್ರಹಾಲಯವನ್ನಾಗಿ ತೆರೆದಿರುವುದು ಶ್ಲಾಘನೀಯ. ನಮ್ಮಲ್ಲಿ ಮಾದರಿಕಾರನಿಗೆ ಕಾದಿರುವ ಕೆಲಸವೂ ಸಾಕಷ್ಟಿದೆ. ಬೆಂಗಳೂರು-ಮೈಸೂರು ಮಾರ್ಗವು 1990ರ ದಶಕದಲ್ಲಿ ಬ್ರಾಡ್‌ಗೇಜಿಗೆ ಪರಿವರ್ತನೆಯಾಗುವವರೆಗೆ ಮೀಟರ್‌ಗೇಜಿನದಾಗಿತ್ತು. ಎಚ್‌ಓ ಪ್ರಮಾಣದಲ್ಲಿ ಒಂದು ಮೀಟರ್ 11.5 ಮಿಲಿಮೀಟರ್ ಆಗುತ್ತದೆ. ಯುರೋಪಿನಲ್ಲಿ ಪರ್ವತ ಮಾರ್ಗಗಳ ಮಾದರಿಗಾಗಿ ತಯಾರಾಗುವ 12 ಮಿಲಿಮೀಟರ್ ಹಳಿ ಇದಕ್ಕೆ ಬಹುಮಟ್ಟಿಗೆ ಹೊಂದುತ್ತದೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನುಗಳನ್ನು ನಿಜರೂಪದಲ್ಲಿಯೇ ನೋಡಬಹುದು. ಅಳತೆಪಟ್ಟಿ, ಕಾಗದ, ಪೆನ್ಸಿಲುಗಳೊಡನೆ ಅಲ್ಲಿಗೆ ಹೋಗುವ ವಿದ್ಯಾರ್ಥಿಗೆ ಹೆಚ್ಚು ಖರ್ಚಿಲ್ಲದೆಯೇ ಈ ವಿದ್ಯೆಯ ಮೊದಲ ಪಾಠ ದೊರೆಯುತ್ತದೆ.

ಎಂಜಿನು ಎಷ್ಟಿರಬೇಕೆಂಬುದಕ್ಕೆ ಯಾವ ಶಾಸ್ತ್ರವೂ ಸಂಖ್ಯೆಯನ್ನು ಗೊತ್ತುಮಾಡಿಲ್ಲ. ಓಡಿಸಲು ಕೆಲಸವಿದ್ದಷ್ಟು, ಎಣ್ಣೆ ಬಿಟ್ಟು ಒರೆಸಿಡಲು ಬಿಡುವಿದ್ದಷ್ಟು, ಕೂಡಿ ನಡೆಸಲು ಜೊತೆಗಾರರಿದ್ದಷ್ಟು, ತನ್ನ ತರುವಾಯ ಇವನ್ನು ಯಾರಿಗೆ ಒಪ್ಪಿಸಬೇಕೆಂಬುದು ಲೆಕ್ಕದ ಪುಸ್ತಕದಲ್ಲಿ ಬರೆದಿರುವಷ್ಟು ಇದ್ದರೆ ಅದು ತಕ್ಕ ಸಂಗ್ರಹ. ಮನೆಯ ಕಪಾಟಿನಲ್ಲಿ ಮೌನವಾಗಿರುವ ಒಂದು ಎಂಜಿನು, ಹನ್ನೆರಡು ಅಡಿ ಹಳಿ ಮತ್ತು ಎಂಟು ವ್ಯಾಗನ್ನುಗಳೊಡನೆ ಯಾವುದಾದರೊಂದು ಶಾಲೆಯ ಪ್ರಯೋಗಶಾಲೆಗೆ ಬಂದರೆ, ಪ್ರಮಾಣ, ಘನ, ವಿದ್ಯುತ್ತು, ಘರ್ಷಣೆ, ಕ್ರಮಯೋಜನೆ ಎಂಬ ಐದು ಪಾಠಗಳನ್ನು ಅದು ಪ್ರತಿ ವರ್ಷವೂ ಹೊಸ ಮಕ್ಕಳಿಗೆ ಬೋಧಿಸಬಲ್ಲದು.